ಓಹಿಯೋದಿಂದ ಯಾರ್ಕ್‌ಶೈರ್‌ಗೆ ಸಾಹಿತ್ಯ ಓದಲು ಬಂದೆ. ಪಿಎಚ್‌ಡಿ ಇಲ್ಲೇ ಮಾಡಲಾ, ವಾಪಸ್ ಹೋಗಲಾ?

ಪೆನ್ಸಿಲ್ ಮಾತ್ರ
28 ನವೆಂಬರ್ 2024

ಎಲ್ಲರಿಗೂ ನಮಸ್ಕಾರ. ಇವತ್ತು ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್. ಅಪ್ಪ ಅಮ್ಮ ಕೊಲಂಬಸ್‌ನಲ್ಲಿ ನೆಂಟರನ್ನೆಲ್ಲ ಕರೆದು ಅಡುಗೆ ಮಾಡಿಕೊಂಡು ಕೂತಿದ್ದಾರೆ. ನನಗೆ ಬೆಳಿಗ್ಗೆ 9ಕ್ಕೆ ಸೆಮಿನಾರ್ ಇತ್ತು. ಇಲ್ಲಿಯವರಿಗೆ ಇದು ಬರೀ ಗುರುವಾರ.

ಹುಟ್ಟಿದ್ದು ಮೈಸೂರು. ಹನ್ನೊಂದು ತುಂಬುವಾಗ ಓಹಿಯೋಗೆ ಹೋದೆವು. ಹೈಸ್ಕೂಲು, ಡಿಗ್ರಿ ಎಲ್ಲ ಅಲ್ಲೇ, ಪಾಸ್‌ಪೋರ್ಟೂ ಅಲ್ಲಿಯದೇ. ಈ ಸೆಪ್ಟೆಂಬರ್‌ನಲ್ಲಿ ಯಾರ್ಕ್‌ಶೈರ್‌ನ ಒಂದು ಯೂನಿವರ್ಸಿಟಿಗೆ ಇಂಗ್ಲಿಷ್ ಸಾಹಿತ್ಯದ ಎಂಎಗೆ ಬಂದೆ. 19ನೇ ಶತಮಾನದ ಹೆಂಗಸರು ಬರೆದ ಕಾದಂಬರಿ, ಕಾಗದ ಇವು ನನ್ನ ವಿಷಯ. ಎಂಎ ಇಲ್ಲಿ ಒಂದೇ ವರ್ಷ. ಅದೇ ಆಸೆ ಹತ್ತಿಸಿದ್ದು.

ಬಂದ ತಕ್ಷಣ ತಲೆ ಕೆಟ್ಟಿದ್ದು ಟೈಮ್‌ಟೇಬಲ್ ನೋಡಿ. ವಾರಕ್ಕೆ ನಾಲ್ಕು ಗಂಟೆ ಪಾಠ. ಮಿಕ್ಕ ದಿನ ಏನು ಮಾಡಬೇಕು ಅಂತ ಕೇಳಿದರೆ "ಓದಿ" ಅಂತಾರೆ, ಅಷ್ಟೇ. ನಮ್ಮ ಕಾಲೇಜಿನಲ್ಲಿ ವಾರ ವಾರ ಏನಾದರೂ ಬರೆದು ಕೊಡಬೇಕಿತ್ತು. ಕ್ಲಾಸಿನಲ್ಲಿ ಬಾಯಿ ಬಿಟ್ಟರೂ ಮಾರ್ಕ್ಸ್ ಇತ್ತು. ಇಲ್ಲಿ ಇಡೀ ಟರ್ಮಿಗೆ ಒಂದು ದೊಡ್ಡ ಪ್ರಬಂಧ. ಅದರಲ್ಲೇ ಅಳಿವು ಉಳಿವು.

ಅದಕ್ಕೆ ಮುಂಚೆ ಲೆಕ್ಕಕ್ಕಿಲ್ಲದ ಒಂದು ಚಿಕ್ಕ ಪ್ರಬಂಧ ಬರೆಸಿದರು. ಮೊನ್ನೆ ವಾಪಸ್ ಬಂತು. ನೂರಕ್ಕೆ 64. ಕೆಳಗೆ "ಕ್ವೈಟ್ ಗುಡ್" ಅಂತ ಬರೆದಿದ್ದರು. ಜನ್ಮದಲ್ಲಿ ನಾನು 64 ನೋಡಿರಲಿಲ್ಲ. ಹಾಸ್ಟೆಲಿನ ವಾಷಿಂಗ್ ಮಷಿನ್ ರೂಮಿನಲ್ಲಿ ಕೂತು, ಮಷಿನ್ ಸದ್ದಿನಲ್ಲಿ ಯಾರಿಗೂ ಕೇಳಿಸಲ್ಲ ಅಂತ ಚೆನ್ನಾಗಿ ಅತ್ತೆ. ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ.

ಅಮ್ಮ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ಅಲ್ಲ ಕಣೇ, 64 ಅಂದ್ರೆ ಫಸ್ಟ್ ಕ್ಲಾಸ್ ಅಲ್ವಾ? ಅಳೋದ್ಯಾಕೆ?" ಅಂದರು. ಅಮ್ಮ ಮಾನಸಗಂಗೋತ್ರಿಯಲ್ಲಿ ಎಂಎ ಮಾಡಿದವರು. ಆಮೇಲೆ ಹ್ಯಾಂಡ್‌ಬುಕ್ ತೆಗೆದು ನೋಡಿದೆ. 50 ಪಾಸು, 60 ಮೆರಿಟ್, 70 ದಾಟಿದರೆ ಡಿಸ್ಟಿಂಕ್ಷನ್. ನೂರರವರೆಗೆ ಅಳತೆ ಇದೆ, ಆದರೆ 80ರ ಮೇಲೆ ಹೆಚ್ಚುಕಮ್ಮಿ ಯಾರೂ ಹೋಗುವುದಿಲ್ಲ. ಬ್ರಿಟನ್ ನನಗಿಂತ ಅಮ್ಮನಿಗೆ ಜಾಸ್ತಿ ಪರಿಚಯ ಅನ್ನಿಸಿಬಿಟ್ಟಿತು. ಅಮ್ಮ ಹೀಥ್ರೋದಲ್ಲಿ ವಿಮಾನ ಬದಲಾಯಿಸಿದ್ದು ಬಿಟ್ಟರೆ ಈ ದೇಶಕ್ಕೆ ಕಾಲಿಟ್ಟಿಲ್ಲ.

ಈಗ ಪ್ರಶ್ನೆ. ಪಿಎಚ್‌ಡಿ ಮಾಡುವ ಮನಸ್ಸಿದೆ. ಅಮೆರಿಕದ ಅರ್ಜಿಗಳಿಗೆ ಡಿಸೆಂಬರ್ ಕಡೆ ತಿಂಗಳು. ಇಲ್ಲಿ ಸ್ಕಾಲರ್‌ಶಿಪ್ ಬೇಕಿದ್ದರೆ ಜನವರಿ. ಬಂದು ಎರಡು ತಿಂಗಳಾಗಿದೆ, ಬಸ್ ನಂಬರ್ರೇ ಇನ್ನೂ ಸರಿಯಾಗಿ ಗೊತ್ತಿಲ್ಲ, ಮುಂದಿನ ಆರು ವರ್ಷ ಎಲ್ಲಿ ಅಂತ ಈಗಲೇ ಹೇಳಬೇಕಂತೆ. ಎರಡೂ ಕಡೆ ಓದಿದವರು ಇದ್ದರೆ ದಯವಿಟ್ಟು ಹೇಳಿ.

ಲೆಸ್ಟರ್ ಅಕ್ಕ
28 ನವೆಂಬರ್

ಮೊದಲು ಕಣ್ಣೊರೆಸಿಕೋ ಮರೀ. ಅಮೆರಿಕದವರು "ಕ್ವೈಟ್ ಗುಡ್" ಅಂದರೆ ತುಂಬಾ ಚೆನ್ನಾಗಿದೆ ಅಂತ. ಇಲ್ಲಿಯವರು ಅಂದರೆ ನಮ್ಮ "ಪರವಾಗಿಲ್ಲ". "ಇನ್ನೂ ಸ್ವಲ್ಪ ಹೇಳಬಹುದಿತ್ತೇನೋ" ಅಂತ ಬರೆದರೆ, ಇದು ಸಾಲದು, ಪೂರ್ತಿ ತಿದ್ದು ಅಂತ. 22 ವರ್ಷದಿಂದ ಇಲ್ಲಿದ್ದೀನಿ, ನನಗೆ ಇವರು ಬೈದದ್ದು ಗೊತ್ತಾಗುವುದು ಈಗಲೂ ಮನೆಗೆ ಬಂದು ಚಪ್ಪಲಿ ಬಿಚ್ಚುವಾಗಲೇ.

ಪಿಎಚ್‌ಡಿ ವಿಷಯ ನನಗೆ ಗೊತ್ತಿಲ್ಲ. ಕ್ರಿಸ್‌ಮಸ್‌ಗೆ ಎಲ್ಲಿರುತ್ತೀಯ? ಡಿಸೆಂಬರ್ 25ಕ್ಕೆ ಒಂದು ರೈಲೂ ಓಡಲ್ಲ, ಅಂಗಡಿ ಇಲ್ಲ, ಹಾಸ್ಟೆಲ್ ಸ್ಮಶಾನ. 23ಕ್ಕೇ ಹೊರಟು ಲೆಸ್ಟರ್‌ಗೆ ಬಾ. ಒಳಪೆಟ್ಟಿಗೆಗೆ ಅಡ್ರೆಸ್ ಹಾಕಿದ್ದೀನಿ.

ಧಾರವಾಡ ಪೇಢೆ
28 ನವೆಂಬರ್

ನಿಮ್ಮ ಕಷ್ಟ ಕೇಳಿ ಬೇಜಾರಾತು, ಖರೇ. ಆದರೆ ಒಂದು ಮಾತು ರೀ. ನಾನೂ ಇದೇ ಸೆಪ್ಟೆಂಬರ್ ಬಂದವನು, ಇದೇ ಎಂಎ, ಬೇರೆ ಊರು. ನನ್ನದು ಇಂಡಿಯನ್ ಪಾಸ್‌ಪೋರ್ಟ್. ವೀಸಾಕ್ಕಂತ ಬೆಂಗಳೂರಿಗೆ ಹೋಗಿ ಟಿಬಿ ಟೆಸ್ಟ್ ಮಾಡಿಸಿದೆ. ಅಪ್ಪ ರೊಕ್ಕ ಹೊಂದಿಸಿ 28 ದಿನ ಬ್ಯಾಂಕಿನಲ್ಲಿ ಅಲುಗಾಡದಂಗ ಇಟ್ಟರು. ನನ್ನ ಫ್ಲಾಟಿನ ಅಮೆರಿಕದ ಹುಡುಗನಿಗೆ ಟಿಬಿ ಟೆಸ್ಟೂ ಇಲ್ಲ, ಬ್ಯಾಂಕ್ ಕಾಗದ ಮೊದಲೇ ಕೊಡುವುದೂ ಇಲ್ಲ. ವೀಸಾ ಜೊತೆ ಕಟ್ಟುವ ಆರೋಗ್ಯದ ಸರ್‌ಚಾರ್ಜ್ ಮಾತ್ರ ಇಬ್ಬರಿಗೂ ಒಂದೇ, 1,164 ಪೌಂಡ್. ಅದೊಂದರಾಗ ಸಮಾನತೆ.

64ಕ್ಕೆ ಅಳಬೇಡ್ರಿ. ನನಗೆ 58.

ಮೂರನೇ ಕರಡು
29 ನವೆಂಬರ್

ಇಲ್ಲಿ ಪಿಎಚ್‌ಡಿ ಮುಗಿಸಿದವನು ನಾನು, ಇಂಗ್ಲಿಷ್ ಸಾಹಿತ್ಯದಲ್ಲೇ. ಸ್ವಲ್ಪ ಉದ್ದವಾಗಿ ಬರೀತೀನಿ.

ಎರಡಕ್ಕೂ ಹೆಸರು ಒಂದೇ, ಕೆಲಸ ಬೇರೆ ಬೇರೆ. ಅಮೆರಿಕದಲ್ಲಿ ಮೊದಲ ಎರಡು ವರ್ಷ ಕ್ಲಾಸು, ಆಮೇಲೆ ದೊಡ್ಡ ಪರೀಕ್ಷೆ, ಆಮೇಲೆ ಬರೆಯುವುದು. ಮಧ್ಯೆ ಪಾಠ ಹೇಳಬೇಕು. ಆರು ವರ್ಷ ಮಾಮೂಲಿ. ಇಲ್ಲಿ ಮೊದಲ ದಿನವೇ ನೇರ ಪ್ರಬಂಧಕ್ಕೆ. ಕ್ಲಾಸಿಲ್ಲ, ಪರೀಕ್ಷೆಯಿಲ್ಲ. ಮೂರು ಅಥವಾ ನಾಲ್ಕು ವರ್ಷದಲ್ಲಿ 80 ಸಾವಿರದಿಂದ ಒಂದು ಲಕ್ಷ ಪದ. ತಿಂಗಳಿಗೊಮ್ಮೆ ಸೂಪರ್‌ವೈಸರ್ ಭೇಟಿ, ಅವರನ್ನು ಹೆಸರು ಹಿಡಿದೇ ಕರೆಯಬೇಕು. ನನಗೆ ಆರು ತಿಂಗಳು ನಾಲಗೆ ತಿರುಗಲಿಲ್ಲ. ಹೆಸರೂ ಬೇಡ, ಪ್ರೊಫೆಸರೂ ಬೇಡ ಅಂತ ಎಲ್ಲ ಮೇಲ್‌ಗಳನ್ನೂ "ಹಲೋ" ಅಂತಲೇ ಶುರು ಮಾಡ್ತಿದ್ದೆ.

ಹಾಗಾಗಿ ಅರ್ಜಿ ಹಾಕುವಾಗಲೇ ವಿಷಯ ಪಕ್ಕಾ ಇರಬೇಕು. ಅಮೆರಿಕದವರು ನೀನು ಯಾರು ಅಂತ ಕೇಳ್ತಾರೆ. ಇವರು ಏನು ಬರೀತೀಯ ಅಂತ ಕೇಳ್ತಾರೆ. ಯಾವ ಪತ್ರ, ಯಾವ ಸಂಗ್ರಹ, ಯಾವ ಪ್ರಶ್ನೆ ಎಲ್ಲ ಹೇಳಬೇಕು. ಗೊತ್ತಿಲ್ಲದಿದ್ದರೆ ಇಲ್ಲಿಗೆ ಬರಲೇಬೇಡಿ, ಮೂರು ವರ್ಷ ಕಣ್ಣು ಮುಚ್ಚಿ ತೆಗೆಯೋದರಲ್ಲಿ ಹೋಗುತ್ತೆ.

ಇನ್ನೊಂದು. ಇಲ್ಲಿ ನಿಮ್ಮ ಅದೃಷ್ಟ ಒಬ್ಬರ ಕೈಲಿ ಇರುತ್ತೆ. ನನ್ನ ಎರಡನೇ ವರ್ಷದಲ್ಲಿ ಇಲಾಖೆಯಲ್ಲಿ ಕೆಲಸ ಕಡಿತ ಬಂತು. ಸೂಪರ್‌ವೈಸರ್ ಸ್ವಯಂ ನಿವೃತ್ತಿ ತಗೊಂಡು ಹೋದರು. ಬದಲಿಗೆ ಬಂದವರು ಒಳ್ಳೆಯವರೇ, ಆದರೆ ನನ್ನ ಕಾಲಕ್ಕೂ ಅವರ ಕಾಲಕ್ಕೂ 200 ವರ್ಷದ ಅಂತರ. ಒಂದು ಅಧ್ಯಾಯ ಪೂರ್ತಿ ಬಿಸಾಕಿದೆ.

ವೈವಾ ಬಗ್ಗೆ ಕೇಳಿದರೆ ಆಮೇಲೆ ಬರೀತೀನಿ. ಮುಚ್ಚಿದ ಬಾಗಿಲು, ಒಳಗಿನ ಪರೀಕ್ಷಕರು ಒಬ್ಬರು, ಹೊರಗಿನಿಂದ ಬಂದವರು ಒಬ್ಬರು. ಸೂಪರ್‌ವೈಸರ್ ಮಾರ್ಕ್ಸ್ ಹಾಕುವಂತಿಲ್ಲ. ಅಮೆರಿಕದ ಹಾಗೆ ನಿಮ್ಮದೇ ಕಮಿಟಿ ಎದುರು ನಿಂತು ಕೊನೆಗೆ ಚಪ್ಪಾಳೆ ತಟ್ಟಿಸಿಕೊಳ್ಳುವುದಲ್ಲ.

ನಿವೃತ್ತ ಮೇಷ್ಟ್ರು
29 ನವೆಂಬರ್

ನೋಡಮ್ಮ, ನಿಮ್ಮ ತಾಯಿ ಹೇಳಿದ್ದು ಸರಿ. 1857ರಲ್ಲಿ ಮದ್ರಾಸು, ಬೊಂಬಾಯಿ, ಕಲ್ಕತ್ತೆ ವಿಶ್ವವಿದ್ಯಾಲಯಗಳನ್ನು ಲಂಡನ್ ವಿಶ್ವವಿದ್ಯಾಲಯದ ಅಚ್ಚಿನಲ್ಲಿ ಮಾಡಿದರು. 1916ರಲ್ಲಿ ಮೈಸೂರಿನದು ಬಂದಾಗ ಅದೇ ಗಾಳಿ. ಎಕ್ಸ್‌ಟರ್ನಲ್ಲು, ವೈವಾ, ಕ್ಲಾಸು, ಪೇಪರು, ಎಲ್ಲ ಅಲ್ಲಿಯದೇ. ನಾನು ಇಂಗ್ಲಿಷ್ ಎಂಎ ಮಾಡಿದಾಗ ನಮ್ಮ ಬ್ಯಾಚಿನಲ್ಲಿ 60 ದಾಟಿದವರು ಇಬ್ಬರು. ಅವರನ್ನು ನಾವು ಕ್ಯಾಂಟೀನಿನಲ್ಲಿ ಕದ್ದು ನೋಡುತ್ತಿದ್ದೆವು.

ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್‌ಡಿ ಮುಗಿಸಿದ್ದು 1966ರಲ್ಲಿ. ಅಲ್ಲಿ ಇಂಗ್ಲಿಷ್ ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿಯವರ ಜೊತೆ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ನನ ಸಿನಿಮಾವೊಂದನ್ನು ಸಬ್‌ಟೈಟಲ್ ಇಲ್ಲದೆ ನೋಡಿದ್ದು, ಆಮೇಲೆ 'ಸಂಸ್ಕಾರ' ಬರೆದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಪ್ರಬಂಧ ಇಂಗ್ಲಿಷಿನದು, ಕಾದಂಬರಿ ಕನ್ನಡದ್ದು. ವಾರಕ್ಕೆ ನಾಲ್ಕೇ ಗಂಟೆ ಪಾಠ ಅಂತ ದೂರುವ ಮುಂಚೆ ಇದನ್ನೂ ನೆನೆಸಿಕೋ.

ಲಂಡನ್ನಿಗೆ ಹೋದರೆ ಬ್ರಿಟಿಷ್ ಲೈಬ್ರರಿಯಲ್ಲಿ ಬಾರ್ನೆಟ್ ಅವರ ಕ್ಯಾಟಲಾಗ್ ತೆಗೆಸಿ ನೋಡು. ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಕನ್ನಡ, ಬಡಗ, ಕೊಡಗು ಭಾಷೆಯ ಪುಸ್ತಕಗಳ ಪಟ್ಟಿ, 1910ರದು. ನನಗೆ ನೋಡುವ ಯೋಗ ಬರಲಿಲ್ಲ.

ಮಿಡ್‌ವೆಸ್ಟ್ ಚಳಿ
30 ನವೆಂಬರ್

ಅಮೆರಿಕದಲ್ಲಿ ಪಿಎಚ್‌ಡಿ, ಐದನೇ ವರ್ಷ. ಚಪ್ಪಾಳೆ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಆ ಚಪ್ಪಾಳೆಗೆ ಮುಂಚೆ ನಾವು ನೂರಾರು ಪುಸ್ತಕದ ಪಟ್ಟಿ ಓದಿ ಪರೀಕ್ಷೆ ಬರೆದಿರ್ತೀವಿ. ಪ್ರತಿ ಟರ್ಮ್ ಮೊದಲ ವರ್ಷದ ಮಕ್ಕಳ ಪ್ರಬಂಧ ತಿದ್ದಿರ್ತೀವಿ, ಒಂದೊಂದು ಸಲ 40. ಆದರೆ ಫೀಸ್ ಇಲ್ಲ, ಸಂಬಳ ಬರುತ್ತೆ. ಕಡಿಮೆ, ಆದರೆ ಬರುತ್ತೆ. ಕೆಲಸಕ್ಕೆ ಅರ್ಜಿ ಹಾಕಿದಾಗ ಅಮೆರಿಕದವರು ಮೊದಲು ಕೇಳುವುದು ಎಷ್ಟು ಕ್ಲಾಸಿಗೆ ಪಾಠ ಹೇಳಿದ್ದೀಯ ಅಂತ.

ಇನ್ನೊಂದು ಸಣ್ಣ ವಿಷಯ. ನೀವು ಅಮೆರಿಕದ ಪ್ರಜೆ. ಭೂಮಿಯ ಯಾವ ಮೂಲೆಯಲ್ಲಿದ್ದರೂ ಟ್ಯಾಕ್ಸ್ ರಿಟರ್ನ್ ಲೆಕ್ಕ ನಿಮ್ಮ ಬೆನ್ನು ಬಿಡಲ್ಲ, ಮರೀಬೇಡಿ.

ಧಾರವಾಡ ಪೇಢೆ
30 ನವೆಂಬರ್

ಕಡಿಮೆ ಸಂಬಳ, 40 ಪ್ರಬಂಧ, ಆರು ವರ್ಷ. ಇದಕ್ಕೆ ನಮ್ಮ ಕಡೆ ಜೀತ ಅಂತಾರ ರೀ.

ಮಿಡ್‌ವೆಸ್ಟ್ ಚಳಿ
30 ನವೆಂಬರ್

ಅಪ್ಪ 28 ದಿನ ಬ್ಯಾಂಕಿನಲ್ಲಿ ದುಡ್ಡು ಇಡುವುದಕ್ಕೆ ಏನಂತಾರೆ?

ಲೆಸ್ಟರ್ ಅಕ್ಕ
30 ನವೆಂಬರ್

ಇಬ್ಬರೂ ಸುಮ್ನಿರಿ. ಹುಡುಗಿ ಪ್ರಶ್ನೆ ಕೇಳಿದ್ದಾಳೆ.

ಪೆನ್ಸಿಲ್ ಮಾತ್ರ
1 ಡಿಸೆಂಬರ್

ಎಲ್ಲರಿಗೂ ಥ್ಯಾಂಕ್ಸ್. ಎರಡೂ ಕಡೆ ಅರ್ಜಿ ಹಾಕ್ತೀನಿ. ಮೇಷ್ಟ್ರೇ, ದೂರು ವಾಪಸ್ ತಗೊಂಡೆ.

ಮೇಷ್ಟ್ರ ಮಾತು ಓದಿ ಒಂದು ವಿಷಯ ಹೇಳಬೇಕು ಅನ್ನಿಸಿತು. ಓಹಿಯೋಗೆ ಹೋದ ಮೊದಲ ತಿಂಗಳು ಕ್ಲಾಸಿನಲ್ಲಿ ಪಕ್ಕದ ಹುಡುಗನ ಹತ್ತಿರ ರಬ್ಬರ್ ಕೇಳಿದ್ದೆ. ಇಡೀ ಕ್ಲಾಸ್ ನಕ್ಕಿತ್ತು. ಅಲ್ಲಿ ಆ ಪದಕ್ಕೆ ಕಾಂಡೋಮ್ ಅಂತ ಅರ್ಥ. ಅವತ್ತಿನಿಂದ ಒಂದೊಂದೇ ಪದ ಬಿಟ್ಟೆ. ರಬ್ಬರು, ಟಾರ್ಚು, ಬಿಸ್ಕೆಟ್ಟು, ಲಿಫ್ಟು, ಪೆಟ್ರೋಲು, ಕ್ಯೂ, ಡಸ್ಟ್‌ಬಿನ್ನು. ಹೊರಗೆ ಬಿಟ್ಟೆ, ಮನೆಯಲ್ಲಿ ಅಮ್ಮನ ಜೊತೆ ಕನ್ನಡ ಮಾತಾಡುವಾಗ ಮಾತ್ರ ಉಳಿದಿತ್ತು. ಅವೆಲ್ಲ ಕನ್ನಡ ಪದಗಳು ಅಂತಲೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಹೋದ ವಾರ ಸೆಮಿನಾರಿನಲ್ಲಿ ಪಕ್ಕದಲ್ಲಿದ್ದ ಬ್ರ್ಯಾಡ್‌ಫರ್ಡ್ ಹುಡುಗಿ ನನ್ನ ಕಡೆ ತಿರುಗಿ ರಬ್ಬರ್ ಇದೆಯಾ ಅಂದಳು. ನಮ್ಮ ಬ್ಯಾಚಿನ ಇನ್ನೊಬ್ಬ ಅಮೆರಿಕದ ಹುಡುಗ ಕೆಮ್ಮಿದ. ನಾನು ಯೋಚನೆಯೇ ಮಾಡದೆ ತೆಗೆದು ಕೊಟ್ಟೆ. ಒಂದು ಕ್ಷಣ ಅವಳು ಕನ್ನಡದಲ್ಲಿ ಕೇಳಿದಳು ಅಂತಲೇ ಅನ್ನಿಸಿತ್ತು.

ಇನ್ನು ಮರ್ಯಾದೆ ಹೋದ ವಿಷಯ. ರಾತ್ರಿ ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿಯುವ ಹೊತ್ತಿಗೆ ಫೈರ್ ಅಲಾರಂ. ಆರು ಮಹಡಿ ಜನ ಪೈಜಾಮದಲ್ಲಿ ಹೊರಗೆ, ಮಳೆ ಬೇರೆ. ನಾನು ಕೈಯಲ್ಲಿ ಸೌಟು ಹಿಡಿದೇ ಇಳಿದು ಬಂದಿದ್ದೆ. ಯಾರು ಅಂತ ವಿಚಾರಣೆಯೇ ಬೇಕಾಗಲಿಲ್ಲ.

ಲೆಸ್ಟರ್ ಅಕ್ಕ
1 ಡಿಸೆಂಬರ್

ಅಡುಗೆಮನೆ ಬಾಗಿಲು ತೆಗೆದಿಟ್ಟಿದ್ದೆ ಅಲ್ವಾ? ಮುಚ್ಚಬೇಕು. ಕಿಟಕಿ ತೆಗಿ, ಬಾಗಿಲು ಮುಚ್ಚು. ಕಾರಿಡಾರಿನ ಅಲಾರಂಗೆ ಹೊಗೆ ತಾಗಬಾರದು. ಅಥವಾ ಕುಕ್ಕರಿನೊಳಗೇ ಒಗ್ಗರಣೆ ಹಾಕಿ ಬೇಳೆ ಸುರಿದುಬಿಡು.

ಪೆನ್ಸಿಲ್ ಮಾತ್ರ
23 ಫೆಬ್ರವರಿ 2025

ತುಂಬಾ ದಿನ ಆಯ್ತು ಬರೆದು. ಲೆಸ್ಟರ್‌ನಲ್ಲಿ ಹತ್ತು ದಿನ ಬಿಸಿಬೇಳೆಬಾತ್ ತಿಂದು ಬಂದೆ. ದೊಡ್ಡ ಪ್ರಬಂಧದ ಮಾರ್ಕ್ಸ್ ಬಂತು, 71. ಹಾಳೆಯ ಮೇಲೆ ಹೆಸರಿಲ್ಲ, ಬರೀ ನಂಬರ್. ಇಬ್ಬರು ನೋಡಿ ಹಾಕ್ತಾರೆ. ಅಮ್ಮನಿಗೆ ಹೇಳಿದರೆ "71 ಸಾಹಿತ್ಯದಲ್ಲಾ? ಯಾರೋ ತಪ್ಪು ಕೂಡಿದ್ದಾರೆ" ಅಂದರು.

ಕಳೆದ ಮೂರು ವಾರದಿಂದ ಒಂದು ಹಳೆಯ ಪತ್ರ ಸಂಗ್ರಹದಲ್ಲಿ ಕೂತಿದ್ದೀನಿ. ಒಳಗೆ ಪೆನ್ ಬಿಡಲ್ಲ, ಪೆನ್ಸಿಲ್ ಮಾತ್ರ. ಇಲ್ಲಿ ನನ್ನ ಹೆಸರು ಇಂಥ ನಿಯಮದಿಂದಲೇ ಬಂದದ್ದು. ಕೋಟು, ಚೀಲ ಎಲ್ಲ ಲಾಕರಿಗೆ. ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ನೋಟ್‌ಬುಕ್ಕು, ಲ್ಯಾಪ್‌ಟಾಪು. ಪತ್ರವನ್ನು ಸ್ಪಂಜಿನ ದಿಂಬಿನ ಮೇಲೆ ಮಲಗಿಸ್ತಾರೆ. ಅಂಚು ಏಳದ ಹಾಗೆ ಮೇಲೆ ಹಾವಿನ ಹಾಗಿರುವ ತೂಕದ ದಾರ ಇಡ್ತಾರೆ.

ನನ್ನ ಪತ್ರ 1830ರ ದಶಕದ್ದು. ಒಬ್ಬಳು ಅಕ್ಕ ತಂಗಿಗೆ ಬರೆದದ್ದು. ಒಂದೇ ಹಾಳೆ. ಎಡದಿಂದ ಬಲಕ್ಕೆ ತುಂಬಾ ಬರೆದು, ಜಾಗ ಮುಗಿದ ಮೇಲೆ ಹಾಳೆಯನ್ನು ಅಡ್ಡ ತಿರುಗಿಸಿ, ಬರೆದದ್ದರ ಮೇಲೆಯೇ ಮತ್ತೆ ಬರೆದಿದ್ದಾಳೆ. ಮೊದಲ ಸಲ ನೋಡಿದಾಗ ಜಾಲರಿ ಹಾಗೆ ಕಂಡಿತು. 1840ಕ್ಕೆ ಮುಂಚೆ ಎಷ್ಟು ಹಾಳೆ, ಎಷ್ಟು ದೂರ ಅನ್ನುವ ಲೆಕ್ಕದಲ್ಲಿ ಅಂಚೆ ಖರ್ಚು ಬೀಳುತ್ತಿತ್ತು. ಅದನ್ನೂ ಸಾಮಾನ್ಯವಾಗಿ ಕಾಗದ ಬಿಡಿಸಿಕೊಳ್ಳುವವರೇ ಕೊಡಬೇಕು. ಎರಡನೇ ಹಾಳೆ ಹಾಕಿದರೆ ತಂಗಿಗೆ ಖರ್ಚು. ಅದಕ್ಕೆ ಹೀಗೆ. ಒಂದು ಪೆನ್ನಿ ಅಂಚೆ ಬಂದ ಮೇಲೆ ಈ ಕಷ್ಟ ಇರಲಿಲ್ಲ, ಆದರೂ ಅಭ್ಯಾಸ ಎಷ್ಟೋ ಜನ ಬಿಡಲಿಲ್ಲ.

ಮೊದಲ ದಿನ ಐದು ಸಾಲು ಓದಿದೆ. ಎರಡನೇ ದಿನ ಕಣ್ಣಿಗೆ ಹಿಡಿತ ಸಿಕ್ಕಿತು. ಒಂದು ದಿಕ್ಕಿನ ಸಾಲನ್ನೇ ನೋಡುತ್ತಾ ಹೋದರೆ ಇನ್ನೊಂದು ಹಿಂದೆ ಸರಿಯುತ್ತದೆ. ಹಾಸು ಹೊಕ್ಕು ಅಂತ ನಾವು ಸುಮ್ನೆ ಹೇಳ್ತೀವಲ್ಲ, ಅದನ್ನು ಕಣ್ಣಾರೆ ನೋಡಿದ್ದು ಅವತ್ತೇ. ಹಾಸಿನಲ್ಲಿ ಹವಾಮಾನ, ಪಾದ್ರಿಯ ಭಾಷಣ, ಹಂದಿ ಮಾರಿದ್ದು. ಹೊಕ್ಕಿನಲ್ಲಿ, ಅಂದರೆ ಜಾಗ ಮುಗಿದ ಮೇಲೆ, ತನ್ನ ಮಗು ತೀರಿಕೊಂಡ ವಿಷಯ. ಮೂರು ದಿನ ಆ ಪತ್ರದ ಮುಂದೆ ಕೂತಿದ್ದು ಆಮೇಲೆ ತಿಳಿಯಿತು. ಯಾರೂ ಬಂದು ಏನು ಮಾಡ್ತಿದ್ದೀಯ, ಎಷ್ಟಾಯ್ತು ಅಂತ ಕೇಳಲಿಲ್ಲ. ನವೆಂಬರಿನಲ್ಲಿ ಇದೇ ನನಗೆ ಕೋಪ ತರಿಸಿತ್ತು.

ರಬ್ಬರ್ ಅಂದಾಗ ಕೆಮ್ಮಿದ್ದನಲ್ಲ, ಆ ಹುಡುಗನ ಜೊತೆ ಭಾನುವಾರ ಹೆಪ್ಟನ್‌ಸ್ಟಾಲ್‌ ಅನ್ನುವ ಹಳ್ಳಿಗೆ ಹೋಗಿದ್ದೆ. ಹೆಬ್ಡನ್ ಬ್ರಿಜ್‌ನಲ್ಲಿ ರೈಲಿಳಿದು ಕಡಿದಾದ ಕಲ್ಲುಹಾದಿ ಹತ್ತಬೇಕು. ಕವಿ ಸಿಲ್ವಿಯಾ ಪ್ಲಾತ್ ಸಮಾಧಿ ಅಲ್ಲಿದೆ. 1955ರಲ್ಲಿ ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಮೇಲೆ ಕೇಂಬ್ರಿಜ್‌ಗೆ ಓದಲು ಬಂದ ಅಮೆರಿಕದ ಹುಡುಗಿ. ಸಮಾಧಿ ಮೇಲೆ ಓದುಗರು ಪೆನ್ನು ಚುಚ್ಚಿ ಹೋಗ್ತಾರೆ. ಹುಡುಗ ಒಂದು ಚುಚ್ಚಿದ. ನನ್ನ ಹತ್ತಿರ ಪೆನ್ ಇರಲಿಲ್ಲ.

ಮೂರನೇ ಕರಡು
24 ಫೆಬ್ರವರಿ

ಪಿಎಚ್‌ಡಿ ಪ್ರಸ್ತಾವನೆಗೆ ಈ ಪತ್ರವನ್ನೇ ಹಾಕಿದ್ದೀರಾ? ಹಾಕಿಲ್ಲದಿದ್ದರೆ ಈಗಲೇ ಮೇಲ್ ಮಾಡಿ. ಸಂಶೋಧನಾ ಮಂಡಳಿಯ ಸ್ಟೈಪೆಂಡ್ 2025-26ಕ್ಕೆ ವರ್ಷಕ್ಕೆ 20,780 ಪೌಂಡ್ ಅಂತ ಹೇಳಿದ್ದಾರೆ. ನನ್ನ ಕಾಲದಲ್ಲಿ ಇಷ್ಟಿರಲಿಲ್ಲ. ಆದರೆ ವಿದೇಶದವರಿಗೆ ಮಿತಿ ಇದೆ, ಹೊಸ ಸೀಟಿನಲ್ಲಿ ನೂರಕ್ಕೆ 30ರ ಒಳಗೆ.

ಮಿಡ್‌ವೆಸ್ಟ್ ಚಳಿ
24 ಫೆಬ್ರವರಿ

ಇಲ್ಲಿ ಈ ವರ್ಷ ಹಲವು ಕಡೆ ಪಿಎಚ್‌ಡಿ ಸೀಟು ಕಡಿಮೆ ಮಾಡ್ತಿದ್ದಾರೆ. ಎಲ್ಲಿಂದಾದರೂ ಪತ್ರ ಬಂದರೆ ಭದ್ರವಾಗಿ ಹಿಡ್ಕೊಳ್ಳಿ. ಉತ್ತರ ಕೊಡಲು ಏಪ್ರಿಲ್ 15ರವರೆಗೆ ಟೈಮ್ ಇರುತ್ತೆ.

ಪೆನ್ಸಿಲ್ ಮಾತ್ರ
14 ಏಪ್ರಿಲ್

ಎರಡು ಪತ್ರ ಬಂದಿವೆ. ಒಂದು ಇಲ್ಲಿಯದು, ನನಗೆ ಬೇಕಿದ್ದ ಸೂಪರ್‌ವೈಸರ್, ಬೇಕಿದ್ದ ವಿಷಯ, ದುಡ್ಡಿಲ್ಲ. ಫೀಸೇ ವರ್ಷಕ್ಕೆ 20 ಸಾವಿರ ಪೌಂಡ್ ದಾಟುತ್ತೆ. ಇನ್ನೊಂದು ಅಮೆರಿಕದ್ದು, ಆರು ವರ್ಷ, ಫೀಸಿಲ್ಲ, ಸ್ಟೈಪೆಂಡ್ ಇದೆ, ಎರಡನೇ ವರ್ಷದಿಂದ ಪಾಠ ಹೇಳಬೇಕು.

ಒಂದು ವಾರ ನಿದ್ದೆ ಮಾಡಿಲ್ಲ. ಸೂಪರ್‌ವೈಸರ್ ಹತ್ತಿರ ಹೋಗಿ ಹೇಳಿದೆ. ಅವರು ಟೀ ಮಾಡಿಕೊಟ್ಟು, "ನೀವು ಅದನ್ನು ಯೋಚಿಸಿ ನೋಡಬಹುದೇನೋ" ಅಂದರು. ಲೆಸ್ಟರ್ ಅಕ್ಕ, ಇದಕ್ಕೆ ಅರ್ಥ ಏನು?

ಲೆಸ್ಟರ್ ಅಕ್ಕ
14 ಏಪ್ರಿಲ್

ದುಡ್ಡು ಕೊಡುವ ಕಡೆ ಹೋಗು ಅಂತ.

ಧಾರವಾಡ ಪೇಢೆ
14 ಏಪ್ರಿಲ್

ಹೋಗ್ರಿ. ಜೀತ ಅಂದದ್ದು ಚೇಷ್ಟೆಗೆ. ನನಗೆ ಯಾರಾದರೂ ಆರು ವರ್ಷದ ಜೀತ ಕೊಟ್ಟರೆ ನಾಳೆನೇ ಪೆಟ್ಟಿಗೆ ಕಟ್ಟುವವ ನಾನು.

ನಿವೃತ್ತ ಮೇಷ್ಟ್ರು
15 ಏಪ್ರಿಲ್

ಪತ್ರ ಎಲ್ಲಿಗೂ ಹೋಗುವುದಿಲ್ಲಮ್ಮ. ಇನ್ನೂರು ವರ್ಷ ಅಲ್ಲೇ ಇದೆ. ಬೇಸಿಗೆಯಲ್ಲಿ ಬಂದು ಓದು.

ಪೆನ್ಸಿಲ್ ಮಾತ್ರ
15 ಏಪ್ರಿಲ್

ಅಮೆರಿಕಕ್ಕೆ ಹೂಂ ಅಂದೆ. ಇಲ್ಲಿ ಬೇಡ ಅಂತ ಬರೆಯುವುದಕ್ಕೆ ಎರಡು ಗಂಟೆ ಹಿಡಿಯಿತು.

ಪೆನ್ಸಿಲ್ ಮಾತ್ರ
31 ಆಗಸ್ಟ್

15 ಸಾವಿರ ಪದದ ಪ್ರಬಂಧ ಮುಗಿಸಿ ಕೊಟ್ಟೆ. ಅಮೆರಿಕದಲ್ಲಿ ಎಂಎಯದು ತೀಸಿಸ್, ಪಿಎಚ್‌ಡಿಯದು ಡಿಸರ್ಟೇಷನ್. ಇಲ್ಲಿ ಉಲ್ಟಾ. ಹಾಗಾಗಿ ಆರು ವರ್ಷ ಆದಮೇಲೆ ಇನ್ನೊಂದು ಡಿಸರ್ಟೇಷನ್ ಬರೀತೀನಿ.

ಮೇಷ್ಟ್ರೇ, ಹೋದ ವಾರ ಲಂಡನ್ನಿಗೆ ಹೋಗಿದ್ದೆ. ಬ್ರಿಟಿಷ್ ಲೈಬ್ರರಿಯ ಮೂರನೇ ಮಹಡಿಯಲ್ಲಿ ಏಷ್ಯಾ ವಿಭಾಗ. ಬಾರ್ನೆಟ್ ಕ್ಯಾಟಲಾಗ್ ನೋಡಿದೆ. ಅಚ್ಚುಕಟ್ಟಾದ ಕನ್ನಡ ಅಕ್ಷರ, ಸುತ್ತ ಇಂಗ್ಲಿಷ್ ವಿವರಣೆ. ಪೆನ್ಸಿಲ್‌ನಲ್ಲಿ ಒಂದು ಪುಟ ನಿಮಗೆ ಅಂತ ಬರೆದುಕೊಂಡಿದ್ದೀನಿ, ಫೋಟೋ ತೆಗೆದು ಕಳಿಸ್ತೀನಿ. ನನ್ನ ಕನ್ನಡ ಕೈಬರಹ ಐದನೇ ಕ್ಲಾಸಿನಲ್ಲೇ ನಿಂತಿದೆ, ಬೈಬೇಡಿ.

ಸೆಪ್ಟೆಂಬರ್ 6ಕ್ಕೆ ಹೊರಡ್ತೀನಿ. ಮೂರು ಲೀಟರ್ ಕುಕ್ಕರ್, ಒಂದು ಕೆಟಲ್, ಫಿಲ್ಟರ್ ಇದೆ. ಕೆಟಲ್ ಅಮೆರಿಕದಲ್ಲಿ ನಡೆಯಲ್ಲ, ಅಲ್ಲಿಯ ಕರೆಂಟಿಗೆ ನೀರು ಕಾಯುವಷ್ಟರಲ್ಲಿ ಮುದುಕಿ ಆಗ್ತೀನಿ. ಫಿಲ್ಟರ್ ಕೊಡಲ್ಲ. ಮಿಕ್ಕಿದ್ದು ಯಾರಿಗಾದರೂ ಬೇಕಾ?

ಹೊಸಬ ಲೀಡ್ಸ್
1 ಸೆಪ್ಟೆಂಬರ್

ಅಕ್ಕ, ನಾನು 14ಕ್ಕೆ ಲೀಡ್ಸ್‌ಗೆ ಬರ್ತಿದ್ದೀನಿ, ಶಿವಮೊಗ್ಗದಿಂದ. ಎರಡೂ ಬೇಕು. ಆದರೆ ನೀವು 6ಕ್ಕೇ ಹೊರಟರೆ ಹೇಗೆ?

ಲೆಸ್ಟರ್ ಅಕ್ಕ
1 ಸೆಪ್ಟೆಂಬರ್

ನಾನು ಶನಿವಾರ ಅವಳನ್ನು ಏರ್‌ಪೋರ್ಟಿಗೆ ಬಿಡಲು ಹೋಗ್ತೀನಿ, ತಂದಿಟ್ಟುಕೊಳ್ತೀನಿ. ನೀನು ಬಂದಮೇಲೆ ಲೆಸ್ಟರ್‌ಗೆ ಬಂದು ತಗೊಂಡು ಹೋಗು. ಊಟಕ್ಕೂ ಬಾ.

ಪೆನ್ಸಿಲ್ ಮಾತ್ರ
1 ಸೆಪ್ಟೆಂಬರ್

ಗ್ಯಾಸ್ಕೆಟ್ ಹೊಸದು. ಒಗ್ಗರಣೆ ಹಾಕುವಾಗ ಬಾಗಿಲು ಮುಚ್ಚಿ.